ಸೋಮವಾರದ ಜ್ವರ

"ಜ್ವರ ಯಾವತ್ತ ಬಂತ್ರಿ?"

ಮಹಾನಂದಾ ನನ್ನೊಡನೆ ಆಡಿದ ಮೊದಲ ಮಾತು ಇದು. ಹೆಸರು ಕೇಳಲಿಲ್ಲ, ನೀರು ಕೇಳಲಿಲ್ಲ. ದನದ ಮನೆಯ ಬಾಗಿಲಲ್ಲಿ ನಿಂತು, ಜಾರುವ ಕನ್ನಡಕವನ್ನು ಮುಂಗೈಯಿಂದ ಮೇಲೆ ತಳ್ಳಿ, ಪೆನ್ನು ಹಿಡಿದು ಕೇಳಿದಳು.

"ನಿನ್ನಿರಿ. ಬುಧವಾರ ಮುಂಜಾನಿ," ಎಂದೆ.

ಸುಳ್ಳು. ನನ್ನ ಎತ್ತು ಸಾರಂಗನಿಗೆ ಜ್ವರ ಬಂದದ್ದು ಸೋಮವಾರ ಸಂಜೆ. ಆದರೆ ಹಾಗೆನ್ನುವುದು ಹೇಗೆ? ನನ್ನ ಅವ್ವ ಶಾರದವ್ವ ಚಹಾದ ಕಪ್ಪು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲಿಗೆ ನೊಗ ತಾಗುವಂತಿಲ್ಲ. ಆಕಾಶ ಕಳಚಿ ಹೊಲದಲ್ಲಿ ಬಿದ್ದರೂ ಅದನ್ನು ಎಳೆದು ಹಾಕುವುದು ಮಂಗಳವಾರವೇ. ಅವ್ವ ಯರಗುಪ್ಪಿಗೆ ಸೊಸೆಯಾಗಿ ಬಂದು ಮೂವತ್ತೆರಡು ವರ್ಷ. ಅಷ್ಟೂ ವರ್ಷ ನಮ್ಮ ಎತ್ತು ಒಂದು ಸೋಮವಾರವೂ ದುಡಿದಿಲ್ಲ ಎಂಬುದು ಅವಳಿಗೆ ಮೂಗಿನ ನತ್ತಿಗಿಂತ ದೊಡ್ಡ ಒಡವೆ.

ಆ ಸೋಮವಾರ ಅವಳು ಕುಬಿಹಾಳದ ತವರಿಗೆ, ತಮ್ಮನ ಮೊಮ್ಮಗಳ ತೊಟ್ಟಿಲಿಗೆ ಹೋಗಿದ್ದಳು. ಜೂನಿನ ಮಿರಗದ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ಕರಿಮಣ್ಣಿನ ಹದ ಒಂದು ದಿನದ ಅತಿಥಿ. ಬಿಟ್ಟರೆ ಹೆಸರುಕಾಳು ಬಿತ್ತುವುದು ಮುಗಿದಂತೆಯೇ. ಬಸವಣ್ಣ ಒಂದು ದಿನ ಆ ಕಡೆ ತಿರುಗಿ ಕೂತಾನು ಅಂದುಕೊಂಡು ಕುಂಟೆ ಹೂಡಿದೆ. ಸಂಜೆಯಾಗುವಷ್ಟರಲ್ಲಿ ಸಾರಂಗ ಹೊಲದ ನಡುವೆ ಮಂಡಿಯೂರಿ ಕುಳಿತ. ಮೈ ಮುಟ್ಟಿದರೆ ಒಲೆಯ ಮೇಲಿನ ಹಂಚು.

ನೋಡಿದವನು ಪಕ್ಕದ ಹೊಲದ ಮಹಬೂಬಸಾಬ ಕಾಕಾ ಒಬ್ಬನೇ. ಟೊಪ್ಪಿಗೆ ತೆಗೆದು, ತಲೆ ಕೆರೆದು, ಮತ್ತೆ ಹಾಕಿಕೊಂಡ.

ಅವ್ವ ಮಂಗಳವಾರ ಕತ್ತಲಾದ ಮೇಲೆ ತಿರುಗಿ ಬಂದಳು. ಬುಧವಾರ ಊರಿನ ದನದ ಡಾಕ್ಟರು ಬಂದು ನೋಡಿ, ಚರ್ಮಗಂಟು ರೋಗ ಎಂದು ಧಾರವಾಡದ ಲ್ಯಾಬಿಗೆ ಫೋನ್ ಮಾಡಿದರು. ಗುರುವಾರ ಅಲ್ಲಿಂದ ಈ ಹುಡುಗಿ ಬಂದಳು.

"ಒಂದ ದಿನದಾಗ ಇಷ್ಟ ಗಂಟು ಎದ್ದಾವಲ್ರಿ?" ಸಾರಂಗನ ಕುತ್ತಿಗೆ ಸವರುತ್ತ ಕೇಳಿದಳು.

ಸಿಕ್ಕಿಬಿದ್ದೆ ಅಂದುಕೊಂಡೆ. ಬಾಯಿ ಮಾತ್ರ ತನ್ನ ಕಸುಬು ಬಿಡಲಿಲ್ಲ. "ನಮ್ಮ ಸಾರಂಗ ಎಲ್ಲಾದ್ರಾಗೂ ಮುಂದರಿ ಮೇಡಂ. ಹುಟ್ಟಿದ ದಿನಾನ ಬೆಣ್ಣಿಹಳ್ಳ ಜಿಗದಿತ್ತು. ಅದರ ತಾಯಿ ಈ ದಂಡಿಮ್ಯಾಲ ನಿಂತು ಇನ್ನೂ ಈಯಾಕತ್ತಿತ್ತು, ಇದು ಆ ದಂಡಿಮ್ಯಾಲ ಮೇಯಾಕತ್ತಿತ್ತು."

ಅವಳು ನಗಲಿಲ್ಲ. ನಗು ಬಂದದ್ದು ಮಾತ್ರ ಕಂಡಿತು: ಕೆಳತುಟಿಯ ಒಂದು ಮೂಲೆಯನ್ನು ಹಲ್ಲಿನಿಂದ ಹಿಡಿದುಕೊಂಡಳು. ಆ ಮೂಲೆ ಅವಳ ಹಲ್ಲಿನಿಂದ ಬಿಡಿಸಿಕೊಳ್ಳುವವರೆಗೆ ನಾನು ಉಸಿರು ಬಿಡಲಿಲ್ಲ.

"ಬೇಗ ಎದ್ದ ಗಂಟು," ಎಂದು ವಹಿಯಲ್ಲಿ ಬರೆದುಕೊಂಡಳು.

ಸಾರಂಗನ ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚುವಾಗ ಅವಳ ಕೈ ಹೂವು ಕೊಯ್ಯುವವರ ಕೈಯಂತಿತ್ತು. ರಕ್ತದ ಸಣ್ಣ ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ, ಮಂಜುಗಡ್ಡೆ ತುಂಬಿದ ಬರ್ಫದ ಡಬ್ಬಿಯಲ್ಲಿಟ್ಟಳು.

"ಬರ್ಫ ನೇರ ತಾಗಬಾರದ್ರಿ. ರಕ್ತದಾಗಿನ ಕಣ ಜೀವಂತ ಇರಬೇಕು. ನಾಕ ತಾಸಿನಾಗ ಲ್ಯಾಬ್ ಮುಟ್ಟಬೇಕು. ಸತ್ತ ಕಣ ಬಾಯಿ ಬಿಡಂಗಿಲ್ಲ."

"ಜೀವಂತ ಇದ್ರ ಬಾಯಿ ಬಿಡತಾವೇನ್ರಿ?"

"ಹೂಂ. ಮೊದಲ ಎಲ್ಲಾ ಕಣ ಕೂಡಿಸಿ ಅರದು ನೋಡತಿದ್ರು. ಸಂತ್ಯಾಗ ನಿಂತಂಗ, ಬರೇ ಗದ್ದಲ. ಈಗ ಹಾಂಗಲ್ಲ. ಎಣ್ಣ್ಯಾಗ ತೇಲೂ ಒಂದೊಂದು ಹನ್ಯಾಗ ಒಂದೊಂದ ಕಣ ಕುಂದರಸತೀವಿ. ಪ್ರತಿಯೊಂದಕ್ಕೂ ಬ್ಯಾರೆ ಬ್ಯಾರೆ ಗುರುತಿನ ಚೀಟಿ. ಆಮ್ಯಾಲ ಒಬ್ಬೊಬ್ಬರನ್ನ ಕೇಳೂದು: ವೈರಸ್ ನಿನ್ನ ಮನಿ ಹೊಕ್ಕಿತ್ತೋ ಇಲ್ಲೋ? ಹೊಕ್ಕಾಗ ನೀ ಏನ ಮಾಡಿದಿ?"

"ಎಷ್ಟ ಮಂದಿನ್ನ ಕೇಳತೀರಿ?"

"ಒಂದ ಎತ್ತಿಂದು ಐದಾರ ಸಾವಿರ."

"ಅಂದ್ರ ನಮ್ಮ ಇಡೀ ಊರು! ಅದ್ರಾಗ ಸುಳ್ಳ ಹೇಳಾವರು ಯಾರೂ ಇಲ್ಲೇನ್ರಿ?"

"ಕಣಕ್ಕ ಸುಳ್ಳ ಬರಂಗಿಲ್ರಿ," ಎಂದು ಡಬ್ಬಿಯ ಮುಚ್ಚಳ ಒತ್ತಿ ನನ್ನ ಕಡೆ ನೋಡಿದಳು.

ಆ ನೋಟದಲ್ಲಿ ಏನೂ ಇರಲಿಲ್ಲ. ನನಗೇ ಬೆವರು ಬಂದಿತು.

ಜ್ವರ ಬಂದ ಮರುದಿನ ಒಂದನೇ ದಿನ, ಆಮೇಲೆ ಮೂರನೇ ದಿನ, ಏಳು, ಹದಿನಾಲ್ಕು. ಈ ಲೆಕ್ಕದಂತೆ ರಕ್ತ ತೆಗೆಯುವುದು ಅವಳ ಕೆಲಸ. ಹನ್ನೊಂದು ಊರುಗಳಲ್ಲಿ ಹನ್ನೊಂದು ದನ. ಬಮ್ಮಿಗಟ್ಟಿಯ ರೈತನ ಮಗಳು, ದನದ ಡಾಕ್ಟರಿಕೆ ಓದಿ ಮುಗಿಸಿ ಮತ್ತೂ ಓದುತ್ತಿದ್ದಾಳೆ ಎಂಬುದು ಅವ್ವನ ಚಹಾದ ಮೂಲಕ ನನಗೆ ತಿಳಿಯಿತು. ಎರಡು ಕಪ್ಪಿಗೆ ಮನೆತನ, ಮೂರನೇ ಕಪ್ಪಿಗೆ ಮದುವೆಯಾಗಿಲ್ಲ ಎಂಬುದೂ ಹೊರಬಂತು.

ಎರಡನೇ ಸಲ ಬಂದ ದಿನ ಲ್ಯಾಬಿನ ಜೀಪು ನಮ್ಮ ಮನೆಯ ಮುಂದೆಯೇ ಕೆಟ್ಟು ನಿಂತಿತು. ರಿಪೇರಿ ನೋಡುವುದರಲ್ಲಿ ರಕ್ತ ತೆಗೆದು ಎರಡು ತಾಸಾಗಿತ್ತು. ಡಬ್ಬಿ ಎದೆಗೆ ಒತ್ತಿಕೊಂಡು ಗಡಿಯಾರ ನೋಡುತ್ತ ನಿಂತವಳ ಕಣ್ಣಲ್ಲಿ ನೀರು ತುಂಬಿತು. ನಾನು ಬೈಕಿನ ಕಿಕ್ ಹೊಡೆದೆ.

"ಧಾರವಾಡ ಐವತ್ತ ಕಿಲೋಮೀಟರ್ ಐತ್ರಿ," ಎಂದಳು.

"ನನ್ನ ಬೈಕಿಗೆ ಅದು ಗೊತ್ತಿಲ್ಲರಿ. ಹೇಳಬ್ಯಾಡ್ರಿ, ಹೆದರತೈತಿ."

ಹತ್ತಿದಳು. ನಮ್ಮಿಬ್ಬರ ನಡುವೆ ಬರ್ಫದ ಡಬ್ಬಿ. ಕುಂದಗೋಳದ ರೈಲ್ವೆ ಗೇಟು ನಮ್ಮನ್ನು ನೋಡಿದ ಕೂಡಲೇ ಮುಚ್ಚಿಕೊಂಡಿತು. ಗೂಡ್ಸ್ ಗಾಡಿ ಎಷ್ಟು ಉದ್ದವಿತ್ತೆಂದರೆ ಅದರ ಮುಂದಿನ ಡಬ್ಬಿ ಹುಬ್ಬಳ್ಳಿಯಲ್ಲಿದ್ದರೆ ಹಿಂದಿನದು ಇನ್ನೂ ಹಾವೇರಿಯಲ್ಲಿ ಲೋಡ್ ಆಗುತ್ತಿರಬೇಕು. ಅವಳು ನಿಮಿಷಕ್ಕೊಮ್ಮೆ ಮುಚ್ಚಳ ಮುಟ್ಟಿ ನೋಡುತ್ತಿದ್ದಳು. ಆ ಬೆರಳು ಪ್ರತಿ ಸಲವೂ ನನ್ನ ಬೆನ್ನಿಗೆ ತಾಗುತ್ತಿತ್ತು.

"ಏನರ ಮಾತಾಡ್ರಿ ಗೌರೀಶ ಅವ್ರ. ಸುಮ್ನಿದ್ರ ಜೀವ ಹೋದಂಗ ಆಗತೈತಿ."

ನನಗೆ ಮಾತೇ ಹೊರಡಲಿಲ್ಲ. ಜನ್ಮದಲ್ಲಿ ಮೊದಲ ಸಲ.

ಮೂರು ತಾಸು ನಲವತ್ತು ನಿಮಿಷಕ್ಕೆ ಲ್ಯಾಬಿನ ಬಾಗಿಲು. ಡಬ್ಬಿ ಹಿಡಿದು ಓಡಿದವಳು ಒಳಗಿನಿಂದ ಓಡುತ್ತಲೇ ತಿರುಗಿ ಬಂದಳು. ಒಂದು ಲೋಟ ನೀರು ನನ್ನ ಕೈಗಿತ್ತು, ಮತ್ತೆ ಓಡಿದಳು. ಆ ನೀರು ನಾನು ಕುಡಿಯಲು ಎಷ್ಟು ಹೊತ್ತು ತೆಗೆದುಕೊಂಡೆನೆಂದರೆ ವಾಚ್‌ಮನ್ ಬಂದು ಲೋಟ ಕಸಿದುಕೊಂಡ.

ಏಳನೇ ದಿನದ ಹೊತ್ತಿಗೆ ಸಾರಂಗನ ಮೈಯೆಲ್ಲ ಗಂಟು. ಮುಂಗಾಲು ಬಾತು ಕಂಬವಾಗಿತ್ತು. ಜೋಡಿ ಎತ್ತು ಸರದಾರನನ್ನು ಮಹಬೂಬಸಾಬ ಕಾಕಾನ ಹೊಲದಲ್ಲಿ ದೂರ ಕಟ್ಟಿದ್ದೆವು; ಅದು ಅಲ್ಲಿಂದ ಕೂಗುವುದು, ಇದು ಇಲ್ಲಿಂದ ತಲೆ ಎತ್ತಲಾರದೆ ಕಿವಿ ಮಾತ್ರ ತಿರುಗಿಸುವುದು. ಅವ್ವ ಅರಿಷಿಣ, ಬೇವಿನ ಎಣ್ಣೆ ಹಚ್ಚುತ್ತ ಒಂದೇ ಮಾತು ಹೇಳುತ್ತಿದ್ದಳು: "ಏನ ತಪ್ಪಾಗೈತೋ ಬಸವಣ್ಣ, ತಿಳೀವಲ್ದು."

ನನಗೆ ತಿಳಿದಿತ್ತು. ಹುಲ್ಲಿನ ಬಣವೆಯ ಹಿಂದೆ ಹೋಗಿ ನಿಲ್ಲುತ್ತಿದ್ದೆ.

"ನೊಗ ಹಾಕಿದ್ರ ಈ ಬ್ಯಾನಿ ಬರತೈತೇನ್ರಿ ಮೇಡಂ?" ಎಂದು ಒಮ್ಮೆ ಸುಮ್ಮನೆ ಕೇಳಿದಂತೆ ಕೇಳಿದೆ.

"ಇಲ್ರಿ. ನೊಣ, ಸೊಳ್ಳಿ ಕಡದು ಬರತೈತಿ. ಯಾಕ?"

"ಹಾಂಗ ಸುಮ್ನ."

ಅವಳು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಆಮೇಲೆ ಸಾರಂಗನ ಹಣೆಯ ಮೇಲಿದ್ದ ನನ್ನ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟು, "ಉಳೀತಾನ್ರಿ. ಹೆದರಬ್ಯಾಡ್ರಿ," ಎಂದಳು.

ಉಳಿದ. ಹದಿನಾಲ್ಕನೇ ದಿನಕ್ಕೆ ಹಸಿ ಮೇವಿಗೆ ಬಾಯಿ ಹಾಕಿದ. ತಿಂಗಳು ಕಳೆಯುವಷ್ಟರಲ್ಲಿ ಗಂಟುಗಳು ಒಣಗಿ ಉದುರಿ ಕಲೆಗಳಾದವು. ಮಹಾನಂದಾಳ ಫೋನು ಮಾತ್ರ ನಿಲ್ಲಲಿಲ್ಲ. ಎತ್ತು ಹೇಗಿದೆ ಎಂದು ಕೇಳುವುದು, ಕೇಳಿದ ಮೇಲೆ ಇಡುವುದನ್ನು ಮರೆಯುವುದು.

ಶ್ರಾವಣದ ಒಂದು ಶುಕ್ರವಾರ ಫೋನ್ ಬಂತು.

"ಗೌರೀಶ ಅವ್ರ, ಕುಂತೀರೋ, ನಿಂತೀರೋ?"

"ನಿಂತೇನ್ರಿ."

"ಕುಂದರ್ರಿ! ನಿಮ್ಮ ಸಾರಂಗ ಸಾದಾ ಎತ್ತಲ್ಲ!" ಅವಳ ದನಿ ಪಾರಿವಾಳದಂತೆ ರೆಕ್ಕೆ ಬಡಿಯುತ್ತಿತ್ತು. "ಜ್ವರ ಬಂದ ಮೊದಲ ದಿನಾ ಕಾವಲು ಕಣ ಕೂಗು ಹಾಕತಾವ್ರಿ, 'ವೈರಸ್ ಬಂತು' ಅಂತ. ಮೂರನೇ ದಿನಕ್ಕ ಆ ಕೂಗು ತಗ್ಗತೈತಿ, ಹೊಡದಾಡೂ ಕಣ ಎದ್ದು ನಿಲ್ಲತಾವ. ಹತ್ತೂ ದನದಾಗ ಹಿಂಗ. ಸಾರಂಗನಾಗ ಒಂದನೇ ದಿನಾನ ಹೊಡದಾಡೂ ಕಣ ತಯಾರಾಗಿ ನಿಂತಾವ! ಇದು ಯಾಕ ಅಂತ ಗೊತ್ತಾದ್ರ ಎಷ್ಟ ದನ ಉಳಿಸಬಹುದು, ಗೊತ್ತೇನ್ರಿ? ಮುಂದಿನ ಶನಿವಾರ ದೊಡ್ಡ ಸಭಾ ಐತಿ. ನಾ ನಿಂತು ಹೇಳಬೇಕು. ನನ್ನ ಹೆಸರಿಲೆ ಇದು ಮೊದಲನೇದು."

ನಾನು ನಿಜಕ್ಕೂ ಕುಳಿತುಬಿಟ್ಟೆ. ಕಸದ ಬುಟ್ಟಿಯ ಮೇಲೆ.

"ಸೋಮವಾರ ಬರತೀನ್ರಿ, ಚಿತ್ರ ತೋರಸಾಕ. ಸಾರಂಗಗ ಒಂದ ಹಾರ ತರಲೇನು?"

ಬೆಣ್ಣಿಹಳ್ಳದ ಮೊಸಳೆಗೆ ಬೀಡಿ ಸೇದಲು ಕಲಿಸಿದ್ದೇನೆ ಎಂದಿದ್ದೆ, ಊರಲ್ಲಿ ಒಬ್ಬರೂ ನಂಬಿರಲಿಲ್ಲ. ನನ್ನ ಕುಂಬಳಕಾಯಿಯೊಳಗೆ ಕರು ಮಲಗಿತ್ತು ಎಂದಿದ್ದೆ, ನಕ್ಕು ಎದ್ದು ಹೋಗಿದ್ದರು. ಒಂದು ಶಬ್ದದ ಸುಳ್ಳು, 'ಬುಧವಾರ'. ಅದನ್ನು ಮಾತ್ರ ಅವಳು ನಂಬಿ ವಹಿಯಲ್ಲಿ ಬರೆದುಕೊಂಡಿದ್ದಳು.

ಭಾನುವಾರ ಮಹಬೂಬಸಾಬ ಕಾಕಾನ ಹೊಲಕ್ಕೆ ಹೋದೆ. ಅವನು ಬದುವಿನ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ.

"ಏನಲೇ ಗೌರ್ಯಾ, ಮಳ್ಯಾಗ ತೊಯ್ದ ಕೋಳಿಗತೆ ಯಾಕ ನಿಂತೀ?"

"ಕಾಕಾ, ಆ ಸೋಮವಾರ..."

"ನಾ ಏನೂ ನೋಡಿಲ್ಲಪಾ. ಎರಡ ತಿಂಗಳಿಂದ ನೋಡಿಲ್ಲ."

ಎಲ್ಲವನ್ನೂ ಹೇಳಿದೆ. ಅವನು ಹಗ್ಗ ಕೆಳಗಿಟ್ಟ.

"ಆ ಹುಡುಗಿ ನಾಕ ಮಂದ್ಯಾಗ ನಿಂತು ಹೇಳತಾಳ. ನಾಳೆ ಯಾರರ ಎದ್ದು 'ಇದು ಸುಳ್ಳೈತಿ' ಅಂದ್ರ? ನಿನಗ ಅನ್ನಂಗಿಲ್ಲಲೇ. ಆಕಿಗೆ ಅಂತಾರ."

"ಹೇಳಿದ್ರ ಆಕಿ ಮತ್ತ ಬರಂಗಿಲ್ಲ ಕಾಕಾ."

"ಹೇಳಲಿಲ್ಲಂದ್ರ ಬರತಾಳ. ಆಕಿ ಮಾರಿ ನೋಡಾಕ ನಿನಗ ಆಗತೈತೇನು?"

ಸೋಮವಾರ ಬಂದಳು. ಹಸಿರು ಚೂಡಿದಾರ, ಜಡೆಯಲ್ಲಿ ಸೇವಂತಿಗೆ, ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದು ಕೈಯಲ್ಲಿ ನಿಜವಾಗಿಯೂ ಚೆಂಡುಹೂವಿನ ಹಾರ. ಅವ್ವ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹೋಳಿಗೆ ತಿನ್ನಿಸಿ ಮುಗಿಸಿದ್ದಳಷ್ಟೇ.

ಕಟ್ಟೆಯ ಮೇಲೆ ಲ್ಯಾಪ್‌ಟಾಪು ತೆರೆದಳು. ಪರದೆಯ ತುಂಬ ಚುಕ್ಕಿಗಳು. ಜೋಳ, ಕಡಲೆ, ಕುಸುಬೆಯನ್ನು ಬೇರೆ ಬೇರೆ ರಾಶಿ ಮಾಡಿ ಚೆಲ್ಲಿದಂತೆ.

"ಒಂದೊಂದ ಚುಕ್ಕಿನೂ ಒಂದೊಂದ ಕಣರಿ. ಈ ಕೆಂಪು ರಾಶಿ ನೋಡ್ರಿ. ಒಂದನೇ ದಿನಾನ..."

"ಅದು ಒಂದನೇ ದಿನಾ ಅಲ್ರಿ."

ಅವಳ ಬೆರಳು ಕೆಂಪು ರಾಶಿಯ ಮೇಲೆ ನಿಂತಿತು.

"ಮೂರನೇ ದಿನಾರಿ. ಜ್ವರ ಸೋಮವಾರ ಬಂದಿತ್ತು. ನಾನು ನೊಗ ಹಾಕಿದ್ದೆ. ಅವ್ವಗ ಗೊತ್ತಾಗಬಾರದಂತ ಬುಧವಾರ ಅಂದೆ."

ಅವಳು ಕೆಳತುಟಿಯ ಮೂಲೆ ಕಚ್ಚಿದಳು. "ಇದೊಂದ ಹೊಸಾ ಕತಿ ಏನ್ರಿ?"

"ಕತಿ ಅಲ್ರಿ."

"ಹೋಗ್ರಿ ನಿಮ್ಮ. ಶ್ರಾವಣ ಸೋಮವಾರ ಚಾಷ್ಟಿ ಮಾಡತೀರಿ." ನಗುತ್ತ ಅವ್ವನ ಕಡೆ ತಿರುಗಿದಳು. "ನೋಡ್ರಿ ಅಮ್ಮಾ, ನಿಮ್ಮ ಮಗಾ..."

ಅವ್ವ ನಗುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ನನ್ನ ಮಗನ ಸುಳ್ಳು ಉದ್ದ ಇರತಾವವ್ವಾ," ಎಂದಳು ನಿಧಾನವಾಗಿ. "ಅದ್ರಾಗ ಮೊಸಳಿ ಇರತಾವ, ದೆವ್ವ ಇರತಾವ. ಇದು ಸಣ್ಣದೈತಿ. ಖರೇನ ಇರಬೇಕು."

ಎದ್ದು ಹೋಗಿ ಸಾರಂಗನ ಕೊರಳು ತಬ್ಬಿ, ಕಲೆಗಳ ಮೇಲೆ ಕೈಯಾಡಿಸಿದಳು. "ತಪ್ಪಾತು ನಮ್ಮಪ್ಪಾ," ಎಂದಳು. ನನ್ನ ಕಡೆ ತಿರುಗದೆಯೇ ಹೇಳಿದಳು, "ಐದ ಸೋಮವಾರ ನಿನಗ ಊಟಿಲ್ಲ." ಒಳಗೆ ಹೋದಳು.

ಮಹಾನಂದಾ ಲ್ಯಾಪ್‌ಟಾಪು ಮುಚ್ಚಿದಳು. ಮುಚ್ಚಿದ ಸದ್ದು ಸಣ್ಣದು. ಅದು ಹುಬ್ಬಳ್ಳಿಯವರೆಗೂ ಕೇಳಿಸಿತೆಂದು ನನಗನ್ನಿಸಿತು. ಫೋನು ತೆಗೆದು ಬೇವಿನ ಮರದ ಕೆಳಗೆ ಹೋದಳು. ತನ್ನ ಸರ್ ಜೊತೆ ಮಾತಾಡುತ್ತಿದ್ದಳು. ಮೊದಲು ಕೈ ಆಡುತ್ತಿತ್ತು. ಆಮೇಲೆ ಕೈ ನಿಂತಿತು. ಆಮೇಲೆ ಬರೀ ತಲೆ ಆಡಿಸಿದಳು. ಹಾರ ಕಟ್ಟೆಯ ಮೇಲೆ ಬಿದ್ದಿತ್ತು. ಸರದಾರ ಬಂದು ಅರ್ಧ ತಿಂದ. ಬಿಡಿಸಲು ನನಗೆ ಕೈಯೇ ಏಳಲಿಲ್ಲ.

ತಿರುಗಿ ಬಂದವಳ ಕಣ್ಣು ಕೆಂಪಾಗಿತ್ತು.

"ಮೂರನೇ ದಿನಕ್ಕ ಹಚ್ಚಿದ್ರ ಸಾರಂಗ ಉಳದ ಹತ್ತೂ ದನದ ಜೋಡಿ ಬರೋಬ್ಬರಿ ಕುಂದರತಾನ," ಎಂದಳು. "ವಿಶೇಷ ಏನೂ ಇಲ್ಲ. ಸಾದಾ ಎತ್ತು."

"ತಪ್ಪಾತ್ರಿ."

"ಎರಡ ತಿಂಗಳ ಕನಸು ಕಂಡೆ ನಾನು. ನಿಮಗ ಗೊತ್ತಿತ್ತು."

"ಶುಕ್ರವಾರ ಗೊತ್ತಾತ್ರಿ, ಎಷ್ಟ ದೊಡ್ಡ ತಪ್ಪಂತ. ಮೊದಲು ಬರೇ ಅವ್ವನ ಅಂಜಿಕಿ ಇತ್ತು."

"ಸುಮ್ನ ಇದ್ದಿದ್ರ ಯಾರಿಗೂ ತಿಳೀತಿರಲಿಲ್ಲ. ಯಾಕ ಹೇಳಿದ್ರಿ?"

ಉದ್ದದ ಉತ್ತರಗಳು ಹತ್ತಾರು ಇದ್ದವು. ಸಣ್ಣದನ್ನೇ ಆರಿಸಿದೆ.

"ನನ್ನ ಸುಳ್ಳು ನಿಮ್ಮ ಬಾಯಿಂದ ಬರಬಾರದ್ರಿ."

ಅವಳು ಕನ್ನಡಕ ತೆಗೆದು, ದುಪಟ್ಟಾದ ತುದಿಯಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಹಾಕಿಕೊಂಡು, ಚೀಲದಿಂದ ವಹಿ ತೆಗೆದಳು.

"ಕುಂದರ್ರಿ. ಶನಿವಾರದೊಳಗ ಎಲ್ಲಾ ತಿದ್ದಬೇಕು. ಒಂದೊಂದ ಕೇಳತೀನಿ. ಮೊಸಳಿ ಬ್ಯಾಡ. ಹೌದು, ಇಲ್ಲ, ಅಷ್ಟ."

ಕುಳಿತೆ. ಕೋರ್ಟಿನಲ್ಲಿ ಕುಳಿತಂತೆ.

"ಸೋಮವಾರ ಜ್ವರ ನೀವ ನೋಡಿದ್ರಿ?"

"ಹೌದ್ರಿ."

"ಮಂಗಳವಾರ ಗಂಟು ಇದ್ದುವು?"

"ಇಲ್ರಿ. ಬುಧವಾರ ಮುಂಜಾನಿ ಎದ್ದುವು."

ಬರೆದುಕೊಂಡಳು. ಪುಟ ತಿರುವಿದಳು. "ಮೊದಲನೇ ವಾರ ಒಮ್ಮೆ ಫೋನ್ ಮಾಡಿದ್ರಿ. ಎತ್ತು ಮೇವ ಬಿಟ್ಟೈತಿ, ಲಗೂನ ಬರ್ರಿ ಅಂತ. ಬಿಟ್ಟಿತ್ತು?"

ನೆಲ ನೋಡಿದೆ. "ಇಲ್ರಿ. ಅವತ್ತ ಒಂದ ಸೂಡು ಹುಲ್ಲ ತಿಂದಿತ್ತು."

"ಮತ್ಯಾಕ ಫೋನ್ ಮಾಡಿದ್ರಿ?"

"ಹೌದು, ಇಲ್ಲ ಅಷ್ಟ ಅಂದಿದ್ರಲ್ರಿ."

"ಇದಕ್ಕ ಉತ್ತರ ಬೇಕು."

"ನೀವು ಬರಲಿ ಅಂತರಿ."

ಪೆನ್ನು ನಿಂತಿತು. ಅವಳ ಕಿವಿಯ ತುದಿ ಮೊದಲು ಕೆಂಪಾಯಿತು, ಆಮೇಲೆ ಕೆನ್ನೆ.

"ಇದನ್ನ ಎಲ್ಲಿ ಬರೀಲಿ?" ವಹಿಗೆ ಕೇಳಿದಳೋ, ನನಗೋ.

"ಮೇಡಂ, ನಾನೂ ಒಂದ ಕೇಳಲೇನ್ರಿ? ಹದಿನಾಕನೇ ದಿನಕ್ಕ ನಿಮ್ಮ ಲೆಕ್ಕ ಮುಗೀತು. ಇಪ್ಪತ್ತೊಂದನೇ ದಿನಾ ಬಂದ ರಕ್ತ ತಗೊಂಡ ಹೋದ್ರಿ. ಅದರ ಚುಕ್ಕಿ ಯಾವ ರಾಶ್ಯಾಗ ಐತ್ರಿ?"

ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. ಒಳಗೆ ಅವ್ವ ಪಾತ್ರೆ ಸದ್ದು ಮಾಡುವುದನ್ನು ನಿಲ್ಲಿಸಿದ್ದಳು. ಕಿವಿ ಇಟ್ಟಿದ್ದಳು ಎಂದೇ ಅರ್ಥ.

"ಅದು ಲಿಸ್ಟಿನ್ಯಾಗ ಇರಲಿಲ್ರಿ," ಎಂದಳು. "ಸಾರಂಗಗ ಸುಮ್ನ ಒಂದ ಸೂಜಿ ಚುಚ್ಚಿದೆ. ಪಾಪ ಹತ್ತೈತಿ."

ಇಬ್ಬರೂ ತಲೆ ಎತ್ತಲಿಲ್ಲ. ಎತ್ತಿದಾಗ ಒಟ್ಟಿಗೇ ಎತ್ತಿದೆವು. ಆ ಒಂದು ಕ್ಷಣದಲ್ಲಿ ಅವಳ ಕಣ್ಣಿನಲ್ಲಿ ಸಿಟ್ಟೂ ಇತ್ತು, ನೀರೂ ಇತ್ತು, ಇನ್ನೊಂದೂ ಇತ್ತು.

"ನಿಮ್ಮ ಮ್ಯಾಲಿನ ಸಿಟ್ಟ ಹೋಗಿಲ್ಲ," ಎಂದಳು ತಡೆದು.

"ಇರಲ್ರಿ."

"ಶನಿವಾರ ನಿಂತು ಹನ್ನೊಂದೂ ದನಾ ಒಂದೇ ಮಾತ ಹೇಳಿದ್ವು ಅಂತ ಹೇಳತೀನಿ. ಸಣ್ಣ ಮಾತು. ಆದ್ರ ಯಾರೂ ಎದ್ದು ಇಲ್ಲ ಅನ್ನಂಗಿಲ್ಲ." ವಹಿ ಮುಚ್ಚಿದಳು. "ಭಾನುವಾರ ಬಮ್ಮಿಗಟ್ಟಿಗೆ ಬರ್ರಿ."

ಎದೆ ಗೂಡ್ಸ್ ಗಾಡಿಯಾಯಿತು. "ಬಮ್ಮಿಗಟ್ಟ್ಯಾಗ ಯಾವ ಎತ್ತಿಗೆ ಏನಾಗೈತ್ರಿ?"

"ಎತ್ತಿಗೇನಾಗಿಲ್ಲ. ನಮ್ಮಪ್ಪ ಕುಬೇರಪ್ಪಂತ, ಮನಿಗೆ ಬಂದವರಿಗೆ ಒಂದ ಪ್ರಶ್ನಾ ಕೇಳತಾನ. ಕೇಳಿದವರು ಅರ್ಧಾ ಮಂದಿ ಚಹಾ ಬಿಟ್ಟ ಓಡತಾರ."

"ಏನ ಕೇಳತಾರ್ರಿ?"

"ಎಷ್ಟ ಓದೀರಿ ಅಂತ." ಕನ್ನಡಕದ ಮೇಲಿಂದ ನೇರವಾಗಿ ನೋಡಿದಳು. "ನನಗ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಅಂದಿದ್ರಿ. ಅಪ್ಪಗ ಏನ ಹೇಳತೀರಿ?"

ಡಾಕ್ಟರಿಕೆಯ ಮೇಲೆ ಓದುವ ಹುಡುಗಿ ಎದುರಿಗೆ. ಹತ್ತು ಎಂದರೆ ಹತ್ತು, ಒಂದೇ ಶಬ್ದ. ಬಾಯಿಯ ತುದಿಗೆ ಬಂದು ಕೂತಿತ್ತು ಅದು, ಎಂದಿನಂತೆ ಮೈ ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು.

ನುಂಗಿದೆ.

"ನಾಕನೇ ಇಯತ್ತೇರಿ. ಅದ್ರಾಗ ಮೂರನೇದು ಎರಡ ಸಲ."

ಮಹಾನಂದಾಳ ಕೆಳತುಟಿ ಈ ಸಲ ಹಲ್ಲಿಗೆ ಸಿಗಲಿಲ್ಲ. ನಗು ಹೊರಗೆ ಬಂದುಬಿಟ್ಟಿತು.

"ಹಿಂಗ ಹೇಳ್ರಿ," ಎಂದಳು. "ಅಗದಿ ಹಿಂಗ."